ಪಾಚಿ ಎದ್ದು ನಿಂತಾಗ

1961ರ ಡಿಸೆಂಬರ್. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಕಡಲಪಾಚಿ ಬೆಳೆಯುವ ಜಾಗವನ್ನು ಕಣ್ಣಾರೆ ನೋಡಿ ಬರೆದು ತನ್ನಿ ಎಂದು ಸಸ್ಯಶಾಸ್ತ್ರದ ಮೇಷ್ಟ್ರು ಹೇಳಿದ್ದರು. ನಾನು ಘಟ್ಟದ ಬುಡದ ಕಲ್ಲುಗುಂಡಿಯವನು. ಪಯಸ್ವಿನಿ ಹೊಳೆಯಲ್ಲಿ ಈಜಿ ಬೆಳೆದವನಿಗೆ ನೀರಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಬೇರೆ! ಒಬ್ಬನೇ ಹೊರಟೆ.

ಕಡಲು ಇಳಿದಿತ್ತು. ಒಂದು ತಗ್ಗು ದಾಟಿ, ದಡದಿಂದ ತುಸು ದೂರದ ಬಂಡೆ ಹತ್ತಿದೆ. ಕಲ್ಲು ಅಂಗಾಲು ಸುಡುತ್ತಿತ್ತು. ಆದರೆ ಅದರ ಹೊಂಡದಲ್ಲಿ ಒರಗಿ ಮಲಗಿದ್ದ ಪಾಚಿ ಸರಿಸಿ ಕೈಯಿಟ್ಟರೆ ಹೂಜಿಯ ನೀರಿನಷ್ಟು ತಂಪು. ಆ ನೆರಳಲ್ಲಿ ಮರಿ ಏಡಿ, ಸಿಗಡಿ, ಬಸವನಹುಳುಗಳ ದೊಡ್ಡ ಸಂಸಾರವೇ ಇತ್ತು. ಕಾಲೇಜಿನ ಥರ್ಮಾಮೀಟರನ್ನು ಅಲ್ಲಿ ಇಲ್ಲಿ ಅದ್ದಿ, ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಬರೆಯುತ್ತಾ ಮೈಮರೆತೆ. ಸ್ವಲ್ಪ ಹೊತ್ತಿಗೆ ಮಲಗಿದ್ದ ಪಾಚಿಯೆಲ್ಲ ಮೆಲ್ಲಗೆ ಎದ್ದು ನಿಂತು ಓಲಾಡತೊಡಗಿತು. ಚೆಂದ ಕಂಡಿತು. ಅದನ್ನೂ ಬರೆದುಕೊಂಡೆ.

"ಓ ಮಾರಾಯಾ! ಹಿಂದೆ ನೋಡು!" ದಡದಿಂದ ಯಾರೋ ಕೂಗಿದರು.

ನೋಡಿದರೆ, ದಾಟಿ ಬಂದ ತಗ್ಗಿನಲ್ಲಿ ಆಳುದ್ದ ನೀರು. ತೆರೆ ಬಂಡೆಗೆ ಅಪ್ಪಳಿಸುತ್ತಿದೆ. ಹೊಳೆಯ ಈಜು ಅಲ್ಲಿ ನಡೆಯುವಂತಿರಲಿಲ್ಲ. ಸತ್ತೆ ಅಂದುಕೊಂಡೆ.

ಕೂಗಿದವರು ಒಣಮೀನು ಕೊಳ್ಳಲು ಬಂದಿದ್ದ ಕುಂಬ್ರದ ಬ್ಯಾರಿ ವ್ಯಾಪಾರಿ. ಮೀನಿನ ಗೋಣಿಗೆ ಕಟ್ಟಿದ್ದ ಹಗ್ಗ ಬಿಚ್ಚಿ, ಸೊಂಟದವರೆಗೆ ನೀರಿಗಿಳಿದು ಎಸೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಅವರು ಎಳೆದ ರಭಸಕ್ಕೆ ಮೊಣಕಾಲು ತರಚಿ ರಕ್ತ ಬಂತು. ಥರ್ಮಾಮೀಟರ್ ಕಡಲಿನ ಪಾಲಾಯಿತು, ಅಂಗಿಯೊಳಗೆ ತುರುಕಿದ್ದ ಪುಸ್ತಕ ಉಳಿಯಿತು.

"ನೀರು ಏರುದು ಗೊತ್ತಾಗಲಿಲ್ವಾ?" ಎಂದರು.

"ಮಳೆ ಇಲ್ಲ, ನೀರು ಕೆಂಪಾಗಿಲ್ಲ. ತಿಳಿನೀರು ಏರ್ತದೆ ಅಂತ ನನಗೆಂತ ಗೊತ್ತು?" ಎಂದೆ. ನಮ್ಮೂರಲ್ಲಿ ಹೊಳೆ ಕೆಂಪಾದರೆ ಮಾತ್ರ ಹೆದರುವುದು.

ಅವರು ನಗಲಿಲ್ಲ. "ಅದು ಹೊಳೆಗೆ ಸರಿ. ಇಲ್ಲಿ ಪಾಚಿ ಎದ್ದು ನಿಂತ್ರೆ ಕಡಲು ಬಂತು ಅಂತ ಲೆಕ್ಕ. ನೀನು ಅದನ್ನೇ ನೋಡ್ತಾ ಕೂತಿದ್ದಿಯಲ್ಲ ಮಾರಾಯ, ಅಷ್ಟು ಹೊತ್ತು ನೋಡಿದ್ದು ಎಂತ?"

ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, ಗೋಣಿ ಹೊತ್ತು ಹೋದರು.

ಮುಂದಿನ ವಾರ 'ಪಾಚಿ ಎದ್ದು ನಿಂತಿತು' ಎಂಬ ನನ್ನ ಸಾಲಿಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ 'ವೆರಿ ಗುಡ್' ಎಂದು ಬರೆದುಕೊಟ್ಟರು. ನನಗೆ ನಾಚಿಕೆಯಾಯಿತು.

ಆಮೇಲೆ ನಾನೂ ಸುಳ್ಯದಲ್ಲಿ ಮೇಷ್ಟ್ರಾದೆ. ಉತ್ತರ ಎಷ್ಟೇ ಸರಿಯಿರಲಿ, ಮಕ್ಕಳನ್ನು ಕರೆದು, "ಬರೆದೆಯಲ್ಲ, ಹಾಗಂದ್ರೆ ಎಂತ?" ಎಂದು ಕೇಳದೆ ಗುರುತು ಹಾಕುತ್ತಿರಲಿಲ್ಲ. ಪೀಡೆ ಮೇಷ್ಟ್ರು ಎಂಬ ಹೆಸರೂ ಬಂತು. ಬರಲಿ. ನನ್ನನ್ನು ಹಾಗೆ ಕೇಳಿದವರು ಆ ವ್ಯಾಪಾರಿ ಒಬ್ಬರೇ, ಅವರ ಹೆಸರು ಕೇಳಲು ನನಗೆ ತೋಚಲೇ ಇಲ್ಲ.