ಉಲ್ಟಾ ಬಂದ ಕರೆಂಟು

ಯಾರು ಯಾವ ಯಂತ್ರ ತೋರಿಸಿದರೂ ಕರ್ಜಗಿಯ ಹುಲಿಗೇಶ ಕೇಳುವ ಮೊದಲ ಮಾತು ಒಂದೇ: "ಇದು ಎಷ್ಟು ತಿಂತೈತಿ?" ಇಪ್ಪತ್ತೆರಡು ವರ್ಷ ಬ್ಯಾಡಗಿ ಸುತ್ತಲಿನ ಕಂಬ ಹತ್ತಿಳಿದ ಲೈನ್‌ಮನ್ ಅವನು. ಈಗ ಹತ್ತುವುದು ಮುಗಿದಿದೆ, ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಆದರೂ ಯಂತ್ರಗಳ ಹೊಟ್ಟೆಯ ಚಿಂತೆ ಮಾತ್ರ ಅವನನ್ನು ಬಿಟ್ಟಿಲ್ಲ.

ಗೋಡೆ ನೋಡುತ್ತ ಕೂತ ಅಪ್ಪನನ್ನು ನೋಡಲಾರದೆ, ರಾಣೇಬೆನ್ನೂರಿನಲ್ಲಿ ಡಿಪ್ಲೊಮಾ ಓದುವ ಮಗಳು ಸುನಿತಾ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಿದ್ದಳು. ಅದರಲ್ಲಿ ಗೆಲುವಿಲ್ಲ, ಸೋಲಿಲ್ಲ. ಖಾಲಿ ನೆಲ, ಕಲ್ಲು, ನೀರು ಇರುತ್ತವೆ, ಬೇಕಾದ್ದನ್ನು ಕಟ್ಟಿಕೊಳ್ಳಬೇಕು. ಆಟದ ಹುಚ್ಚಿನವರು ಮೇಲಿಂದ ಸೇರಿಸಿದ ಮಾಡ್‌ಗಳಿಂದ ಅದರೊಳಗೆ ಮೋಟರು, ತಂತಿ, ನೀರಿನ ಚಕ್ರ, ಸೋಲಾರು, ಕಲ್ಲಿದ್ದಲಿನ ಜನರೇಟರು ಎಲ್ಲವೂ ಬಂದಿದ್ದವು. ಬರಿ ತಂತಿ ಮುಟ್ಟಿದರೆ ಶಾಕ್ ಹೊಡೆಯುವುದೂ ಬಂದಿತ್ತು. ಸುನಿತಾಳ ಗೆಳತಿಯರು ಏಳೆಂಟು ಮಂದಿ ಸೇರಿ ಅಲ್ಲೊಂದು ಊರು ಕಟ್ಟಿದ್ದರು. ಹತ್ತು ಯಂತ್ರ ಕೂರಿಸಿ ಮೇಲೆ ನಾಲ್ಕು ಸೋಲಾರ್ ಹಲಗೆ ಹಾಕುವುದು, ಆಟದ ಆಕಾಶದಲ್ಲಿ ಮೋಡ ಕವಿದರೆ ಎಲ್ಲ ನಿಂತುಹೋಗುವುದು, ಆಮೇಲೆ "ಕಾಕಾ, ಯಾಕ ಹಿಂಗಾತ್ರಿ?" ಎಂದು ಗೋಗರೆಯುವುದು. ಹುಲಿಗೇಶ ಎಡಗೈಯಲ್ಲಿ ಮೌಸು ಹಿಡಿದು, ಮಗಳು ಜೋಡಿಸಿಕೊಟ್ಟ ಗುಂಡಿಯನ್ನು ಕಾಲಿನಿಂದ ಒತ್ತಿ ನಡೆಯುತ್ತ, ಪ್ರತಿ ಯಂತ್ರದ ಊಟ ಲೆಕ್ಕ ಹಾಕಿ, ಅದಕ್ಕಿಂತ ಕಾಲು ಭಾಗ ಹೆಚ್ಚು ಕೊಡುವ ಮೂಲ ಹುಡುಕಿಕೊಡುತ್ತಿದ್ದ. ಆ ಊರಿನಲ್ಲಿ ಅವನ ಮಾತಿಗೆ ಬೆಲೆ ಇತ್ತು.

ಹೊರಗಿನ ಊರಿನಲ್ಲಿ ಇರಲಿಲ್ಲ. ಹೋದ ಫೆಬ್ರುವರಿಯಲ್ಲಿ ಕದರಮಂಡಲಗಿ ರಸ್ತೆಯ ಕವಲು ಲೈನಿನಲ್ಲಿ ಕೆಲಸ ಮಾಡುವಾಗ ಕರೆಂಟು ಹೊಡೆದು ಅವನು ಕಂಬದ ಬುಡಕ್ಕೆ ಬಿದ್ದಿದ್ದ. ಲೈನ್ ಕ್ಲಿಯರ್, ಅಂದರೆ ಸ್ಟೇಷನ್ನಿನಿಂದ ಲೈನು ಬಂದ್ ಆಗಿದೆ ಎಂಬ ಮಾತು, ಸಿಗುವ ಮುಂಚೆಯೇ ಹತ್ತಿದ್ದಾನೆ ಎಂದು ವಿಚಾರಣೆಯವರು ಬರೆದರು. ಬಂದ್ ಆದ ಲೈನಿನಲ್ಲಿ ಕರೆಂಟು ಎಲ್ಲಿಂದ ಬಂತು ಹೇಳು ಎಂದರೆ ಹುಲಿಗೇಶನ ಹತ್ತಿರ ಉತ್ತರವಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಬರೆದದ್ದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಕೊಟ್ಟ. "ಬಂದ್ ಆತು, ಹತ್ತು" ಎಂದು ಫೋನಿನಲ್ಲಿ ಕೇಳಿದ್ದು ಅವನ ಕಿವಿಯಲ್ಲಿತ್ತು. ಆದರೆ ಅದು ಆ ದಿನದ ಮಾತೋ, ಹಿಂದಿನ ದಿನದ್ದೋ? ಹನ್ನೊಂದು ತಿಂಗಳಿಂದ ಇದೊಂದೇ ಪ್ರಶ್ನೆ ಅವನನ್ನು ಹುಳದ ಹಾಗೆ ಕೊರೆಯುತ್ತಿತ್ತು. ಹೆಂಡತಿ ಪುಷ್ಪಾವತಿ "ಆಗಿದ್ದು ಆಗಿಹೋತು" ಎನ್ನುತ್ತಿದ್ದಳು. ತಪ್ಪು ನಿನ್ನದಲ್ಲ ಎಂದು ಅವಳೂ ಒಮ್ಮೆಯೂ ಹೇಳಲಿಲ್ಲವಲ್ಲ ಎಂಬ ಸಿಟ್ಟು ಅವನಿಗಿತ್ತು.

ಅವನ ಜೊತೆ ಕೆಲಸ ಮಾಡಿದ ದಾದಾಪೀರ ಮಾತ್ರ ದಿನಾ ಮುಂಜಾನೆ ಫೋನು ಮಾಡಿ, ಇಂದು ಯಾವ ಲೈನಿಗೆ ಹೊರಟಿದ್ದೇನೆ ಎಂದು ಹೇಳಿಯೇ ಹೊರಡುತ್ತಿದ್ದ. ಆ ಜನವರಿಯ ಮುಂಜಾನೆಯೂ ಹೇಳಿದ.

"ನಿನ್ನ ಹಳೇ ಜಾಗಕ್ಕ ಹೊಂಟೇನಿ. ಕದರಮಂಡಲಗಿ ರೋಡಿನ ಕವಲು. ಹನ್ನೊಂದಕ್ಕ ಬಂದ್ ಮಾಡ್ತಾರ."

"ಅರ್ಥಿಂಗ್ ರಾಡ್ ಐತೇನು?" ಎಂದು ಹುಲಿಗೇಶ ಕೇಳಿದ. ಎಲ್ಲಿಂದಲೋ ಕರೆಂಟು ಬಂದರೂ ಅದನ್ನು ನೆಲಕ್ಕಿಳಿಸುವ ಸಲಕರಣೆ ಅದು.

"ಇರೋದೊಂದು, ಅದನ್ನ ಇನ್ನೊಂದು ತಂಡದಾವ್ರು ಒಯ್ದಾರ. ಲೈನ್ ಕ್ಲಿಯರ್ ತಗೊಂಡ ಹತ್ತೇನಿ ಬಿಡು."

ಹುಲಿಗೇಶನೂ ಆ ದಿನ ರಾಡಿಲ್ಲದೆಯೇ ಹತ್ತಿದ್ದ.

ಹನ್ನೊಂದು ದಾಟಿದ ಮೇಲೆ ಆಟಕ್ಕೆ ಕೂತ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ನಂದಿತಾಳ ದನಿ ಇತ್ತು. ರಾಣೇಬೆನ್ನೂರಿನ ಹಾಸ್ಟೆಲಿನಲ್ಲಿ ಸುನಿತಾಳ ಜೊತೆಗಿದ್ದವಳು, ಬಿ.ಕಾಂ. ಮುಗಿಸಿ ಒಂದೂವರೆ ವರ್ಷದಿಂದ ಬ್ಯಾಡಗಿ ಹೊರಗಿರುವ ತಂದೆಯ ಖಾರದ ಪುಡಿ ಮಿಲ್ಲಿನ ಆಫೀಸು ನೋಡಿಕೊಳ್ಳುತ್ತ, ಅಲ್ಲಿಂದಲೇ ಮೊಬೈಲಿನ ನೆಟ್ಟಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಆಡುತ್ತಿದ್ದಳು. ಆಟದಲ್ಲೂ ಅವಳದು ಮಿಲ್ಲೇ. ಬೀಸುವ ಯಂತ್ರ ಮೂರು, ಒಂದೊಂದಕ್ಕೆ ನಲವತ್ತರಂತೆ ನೂರಿಪ್ಪತ್ತು. ಊರ ನೀರಿನ ಚಕ್ರ ನಿಂತರೂ ಮಿಲ್ಲು ನಿಲ್ಲಬಾರದೆಂದು ನೂರೈವತ್ತರ ಕಲ್ಲಿದ್ದಲು ಜನರೇಟರ್ ಸಾಕೆಂದು ಹುಲಿಗೇಶನೇ ಆರಿಸಿಕೊಟ್ಟಿದ್ದ.

"ಆದ್ರ ನಡುವ ಒಂದು ಚೇಂಜೋವರ್ ಇರ್ಲಿ. ಒಂದ ಅದು, ಇಲ್ಲಾ ಇದು. ಎರಡೂ ಕೂಡಬಾರದು," ಎಂದಿದ್ದ.

ಇವತ್ತು ಚಕ್ರದ ಹತ್ತಿರದ ಹಳೇ ತಂತಿ ಬದಲಿಸಬೇಕಿತ್ತು. ಹುಲಿಗೇಶ ಚಕ್ರ ನಿಲ್ಲಿಸಿದ, ನಿಂತದ್ದನ್ನು ಎರಡು ಸಲ ನೋಡಿದ, ತಂತಿಗೆ ಕೈ ಹಾಕಿದ. ಪರದೆ ಕೆಂಪಾಯಿತು. ಆಟದೊಳಗಿನ ಹುಲಿಗೇಶ ಸತ್ತುಬಿದ್ದ.

ಕುರ್ಚಿಯಲ್ಲಿ ಕೂತವನು ಪರದೆಯತ್ತ ಬಾಗಿದ. "ಚಕ್ರ ನಿಂತೈತಿ. ಎಲ್ಲಿಂದ ಬಂತಿದು?"

ನಂದಿತಾ ನಕ್ಕಳು. "ನನ್ನ ಜನರೇಟರಿಂದ್ರಿ ಕಾಕಾ. ಚೇಂಜೋವರ್ ಹಾಕೋದು ಯಾರು ಅಂತ ಸೀದಾ ಲೈನಿಗೇ ಕೂಡ್ಸೇನಿ. ನಮ್ಮ ಮಿಲ್ಲಿನ್ಯಾಗೂ ಹಂಗ ಐತ್ರಿ. ಹ್ಯಾಂಡಲ್ ಮುರುದು ಎರಡು ವರ್ಷಾತು, ಜನರೇಟರ್ ನೋಡೋ ಚನ್ನೇಶ ಸೀದಾ ಬೋರ್ಡಿಗೇ ವಾಯರ್ ಕೊಡ್ತಾನ."

"ಮೇನ್ ಸ್ವಿಚ್ ಇಳಿಸಿ ಕೊಡ್ತಾನಲಾ?"

"ಅದರಾಗ ಖಾರದ ಪುಡಿ ಹೊಕ್ಕು ಬಿಗಿಯಾಗೈತ್ರಿ. ಯಾರ ಇಳಸ್ತಾರ? ಕರೆಂಟ್ ತಿರುಗಿ ಬಂದ್ರ ಟ್ರಿಪ್ ಆಗ್ತೈತಿ, ಅದ ನಮಗ ಗುರ್ತು."

ಆಗ ಹುಲಿಗೇಶನಿಗೆ ಅವಳ ಮಾತಿನ ಹಿಂದಿನ ಸದ್ದು ಕೇಳಿಸಿತು. ಢಗಢಗ ಎನ್ನುವ, ಬಿಡದ ಸದ್ದು.

"ನಂದಿತಾ, ನಿಮ್ಮ ಮಿಲ್ ಎಲ್ಲೈತವಾ?"

"ಕದರಮಂಡಲಗಿ ರೋಡಿಗ್ರಿ. ನಮ್ಮದ ಬ್ಯಾರೆ ಟಿಸಿ ಐತಿ, ಕವಲಿನ ಕಡೀಕ. ಹನ್ನೊಂದಕ್ಕ ಕರೆಂಟ್ ಹೋತ್ರಿ, ಅದಕ್ಕ ಜನರೇಟರ್..."

ಮಿಲ್ಲಿನಿಂದ ಹೊರಗೆ ಹೋದ ನಾಲ್ಕುನೂರು ವೋಲ್ಟು ಆ ಟಿಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ, ಹೊಕ್ಕರೆ ಸುಮ್ಮನಿರುವುದಿಲ್ಲ, ಉಲ್ಟಾ ತಿರುಗಿ ಕಂಬದ ಮೇಲೆ ಹನ್ನೊಂದು ಸಾವಿರವಾಗಿ ನಿಲ್ಲುತ್ತದೆ. ಇದು ಹುಲಿಗೇಶನಿಗೆ ಗೊತ್ತಿರದ ಸಂಗತಿಯಲ್ಲ, ಆ ಕವಲಿನಲ್ಲಿ ಚೇಂಜೋವರ್ ಇಲ್ಲದ ಜನರೇಟರ್ ಇದೆಯೆಂಬುದು ಮಾತ್ರ ಗೊತ್ತಿರಲಿಲ್ಲ. ಆ ಕಂಬಕ್ಕೆ ಈಗ ದಾದಾಪೀರ ಹತ್ತುತ್ತಿದ್ದಾನೆ.

"ಪುಷ್ಪಾ, ಫೋನ್ ತಗೊ. ದಾದಾಪೀರಗ ಹಚ್ಚು. ಬಿಡಬ್ಯಾಡ, ಹಚ್ಚಕೋತನ ಇರು." ಒಳಗಿನಿಂದ ಓಡಿಬಂದ ಹೆಂಡತಿಗೆ ಇಷ್ಟು ಹೇಳಿ ಮೈಕಿಗೆ ಬಾಯಿಟ್ಟ. "ನಂದಿತಾ, ಎದ್ದು ಓಡು. ಜನರೇಟರ್ ಬಂದ್ ಮಾಡ್ಸು. ಲೈನಿನ ಮ್ಯಾಲೆ ಮನುಷ್ಯಾ ಅದಾನ."

"ಅಪ್ಪ ಹಾವೇರಿಗೆ ಹೋಗ್ಯಾರ್ರಿ, ಅವರನ್ನ ಕೇಳದ..."

"ಅಪ್ಪನ್ನ ಆಮ್ಯಾಲ ಕೇಳೀಯಂತ. ಓಡು."

ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಬರೀ ಢಗಢಗ.

ದಾದಾಪೀರ ಫೋನು ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಕಂಬ ಹತ್ತುವ ಮುಂಚೆ ಫೋನನ್ನು ಬೈಕಿನ ಚೀಲದಲ್ಲಿ ಇಡಬೇಕೆಂದು ಅವನಿಗೆ ಕಲಿಸಿದ್ದೇ ಹುಲಿಗೇಶ. ಸೆಕ್ಷನ್ ಆಫೀಸಿನ ಫೋನು ಎಂಗೇಜು. ಮತ್ತೆ ಎಂಗೇಜು. ಪುಷ್ಪಾವತಿ ತಿರುಗಿ ದಾದಾಪೀರನಿಗೇ ಹಚ್ಚಿದಳು. ಹುಲಿಗೇಶ ಹೆಡ್‌ಫೋನನ್ನು ಎಡಗೈಯಿಂದ ಕಿವಿಗೆ ಒತ್ತಿ ಹಿಡಿದಿದ್ದ. ಇಲ್ಲದ ಬಲಗೈ ಹಸ್ತ ಬೆಂಕಿಯಲ್ಲಿಟ್ಟಂತೆ ಉರಿಯುತ್ತಿತ್ತು. ಪರದೆಯ ಮೇಲೆ ನಂದಿತಾಳ ಗೊಂಬೆ ಮಿಲ್ಲಿನ ಬಾಗಿಲಲ್ಲಿ ಅಲುಗಾಡದೆ ನಿಂತಿತ್ತು. ದಾದಾಪೀರ ಈಗ ಬೆಲ್ಟು ಕಟ್ಟಿಕೊಂಡಿರುತ್ತಾನೆ. ಈಗ ಅಡ್ಡಪಟ್ಟಿಗೆ ಬಂದಿರುತ್ತಾನೆ. ಈಗ ಇಕ್ಕಳ ತೆಗೆಯುತ್ತಾನೆ. ಒಂದೊಂದು ಹೆಜ್ಜೆಯೂ ಅವನಿಗೆ ಬಾಯಿಪಾಠ, ಅದೇ ಕಷ್ಟವಾಗಿತ್ತು.

ದೂರದಲ್ಲಿ ಯಾರೋ ಗಂಡಸು ಗದರುವುದು ಕೇಳಿಸಿತು. ಸದ್ದು ನಿಲ್ಲಲಿಲ್ಲ. ನಂದಿತಾಳ ದನಿ ಅದಕ್ಕಿಂತ ಮೇಲೇರಿತು. ಒಂದು ಲೋಹದ ಬಡಿತ. ಢಗಢಗ ತಗ್ಗಿತು, ತಡವರಿಸಿತು, ನಿಂತಿತು.

ಐದು ನಿಮಿಷ ಕಳೆಯಿತು. ಆಮೇಲೆ ಪುಷ್ಪಾವತಿಯ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಹುಲಿಗೇಶ ಅದನ್ನು ಇಸಿದುಕೊಂಡ.

"ಹನ್ನೆರಡು ಮಿಸ್ಡ್ ಕಾಲ್ ಅದಾವಲ್ಲೋ ಮಾರಾಯ," ಎಂದ ದಾದಾಪೀರ. "ಇಕ್ಕಳ ಕೆಳಗ ಬಿತ್ತು, ತಗೊಳಾಕ ಇಳದೇನಿ. ಇನ್ನೂ ತಂತಿ ಮುಟ್ಟಿಲ್ಲ. ಯಾಕ?"

"ಮುಟ್ಟಬ್ಯಾಡ. ರಾಡ್ ಬರೋತನಕಾ ಅಲ್ಲೇ ನೆಳ್ಳಾಗ ಕುಂದ್ರು," ಎಂದಷ್ಟೇ ಹೇಳಿದ ಹುಲಿಗೇಶ.

ನಂದಿತಾ ಏದುಸಿರು ಬಿಡುತ್ತ ಬಂದು ಕೂತಳು. ಬಂದ್ ಮಾಡಿಸಿದೆನೆಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

"ಕಾಕಾ, ನಿಮಗ ಆಗಿದ್ದು ಯಾವ ದಿನಾ ರಿ?"

"ಫೆಬ್ರುವರಿ ಹನ್ನೆರಡು. ಮುಂಜಾನೆ ಹನ್ನೊಂದೂವರಿ."

ಆ ಕಡೆ ಲೆಕ್ಕದ ಪುಸ್ತಕದ ಹಾಳೆ ತಿರುವಿದ ಸದ್ದಾಯಿತು. "ಆ ದಿನ ಕರೆಂಟ್ ಇರಲಿಲ್ರಿ. ಖಾರದ ಪುಡಿ ಲೋಡ್ ಕಳಸೋದಿತ್ತು. ನಾನ ಚನ್ನೇಶಗ ಹೇಳೇನಿ, ಜನರೇಟರ್ ಹಚ್ಚು ಅಂತ. ಡೀಸೆಲ್ ಹಾಕಿದ್ದು ನನ್ನ ಕೈಬರಹದಾಗ ಐತ್ರಿ."

ಹುಲಿಗೇಶನಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಕಣ್ಣು ಕತ್ತಲಿಡುವಂಥ ಸಿಟ್ಟು. ಹೆಡ್‌ಫೋನು ಕಿತ್ತು ಗೋಡೆಗೆ ಬಡಿಯಬೇಕೆನಿಸಿತು. ಆ ಕಡೆ ಹುಡುಗಿ ಅಳುತ್ತಿದ್ದಳು. ಅವನು ಅಳು ನಿಲ್ಲಿಸೆಂದು ಹೇಳಲಿಲ್ಲ, ಕಾದ.

"ಇದನ್ನ ಸೆಕ್ಷನ್ ಆಫೀಸಿನ್ಯಾಗ ಬಂದು ಹೇಳ್ತೀಯೇನವಾ?"

"ಅಪ್ಪಗ ಭಾಳ ತ್ರಾಸ ಆಗ್ತೈತ್ರಿ ಕಾಕಾ."

"ಆಗ್ತೈತಿ."

ಅವಳು ಮೂಗು ಸೆಳೆದಳು. "ನೀವ ಬರಕೊಳ್ರಿ. ನಾ ಸಹಿ ಮಾಡ್ತೇನಿ," ಎಂದಳು.

"ನೀನ ಬರೀಬೇಕವಾ. ನನಗ ಬರಿಯೋ ಕೈ ಇಲ್ಲ."

ಮರುಗಳಿಗೆ, ಆಟದ ಪರದೆಯ ಕೆಳಗೆ ಮಾತು ಬರೆಯುವ ಜಾಗದಲ್ಲಿ ಅಕ್ಷರಗಳು ಸಾಲುಸಾಲಾಗಿ ಬರತೊಡಗಿದವು. ಮೊದಲು ತಾರೀಖು, ಆಮೇಲೆ ಹೊತ್ತು, ಆಮೇಲೆ ಮಿಲ್ಲಿನ ಹೆಸರು. ಹುಲಿಗೇಶ ಎದ್ದು ಕುರ್ಚಿಯನ್ನು ಹೆಂಡತಿಯ ಕಡೆಗೆ ತಿರುಗಿಸಿದ.

"ಕುಂದ್ರು. ಓದು."

ಪುಷ್ಪಾವತಿ ಕೂತು ತುಟಿಯಲ್ಲೇ ಓದತೊಡಗಿದಳು.

"ಹಂಗಲ್ಲ. ನನಗ ಕೇಳೋಹಂಗ ಓದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ದನಿ ಎತ್ತಿ ಮೊದಲಿನಿಂದ ಓದಿದಳು: "ಆ ದಿನ ಲೈನ್ ಬಂದ್ ಆಗಿತ್ತು. ಹುಲಿಗೇಶ ಅವರಿಗೆ ಹೊಡೆದ ಕರೆಂಟ್ ನಮ್ಮ ಮಿಲ್ಲಿನಿಂದ ಹೋಗಿದ್ದು."