ಕಪ್ಪು ಗಾಜು ಬಿಚ್ಚದೆ ತೆಗೆದ ಫೋಟೊ

ತಾಳಗುಂದದ ಕೆರೆಯ ಫೋಟೊಗಳು ನನ್ನ ಹತ್ತಿರ ರಾಶಿ ಬಿದ್ದಿವೆ. ಬೆಳಗಿನದು, ಮಧ್ಯಾಹ್ನದ್ದು, ಮೋಡ ಕವಿದದ್ದು, ನೀರು ತುಂಬಿದ್ದು, ತಳ ಕಂಡದ್ದು. ಅವುಗಳಲ್ಲಿ ಎಷ್ಟೋ ಫೋಟೊ ತೆಗೆಯುವಾಗ ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ, ಕ್ಯಾಮೆರಾದ ಮುಂದೆಯೇ ಓಡಾಡುತ್ತಿದ್ದರು. ಒಂದರಲ್ಲೂ ಅವರಿಲ್ಲ. ಅವರು ತೀರಿಕೊಂಡ ಮೇಲೆ ಅಕ್ಕ ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೊ ಕೇಳಿದಳು. ಕೊಡಲು ನನ್ನಲ್ಲಿ ಇರಲಿಲ್ಲ. ಯಾಕೆ ಇರಲಿಲ್ಲ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಿತ್ರ ಬರೆಯುವುದು ಸಂಬಳದ ಕೆಲಸವಾದ ಮೇಲೆ ಅದರ ಮೇಲಿದ್ದ ಪ್ರೀತಿ ಕಡಿಮೆಯಾಯಿತು. ನಲವತ್ತು ದಾಟಿದ ಮೇಲೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಅದರಲ್ಲೂ ಒಂದೇ ಬಗೆಯ ಹುಚ್ಚು. ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಎಂಬ ಗಾಢ ಕಪ್ಪು ಗಾಜನ್ನು ತಿರುಗಿಸಿ ಕೂರಿಸುವುದು, ಸಾಲದಿದ್ದರೆ ಅದರ ಮೇಲೆ ಇನ್ನೊಂದು. ಆಗ ಬೆಳಕು ಎಷ್ಟು ಕಡಿಮೆ ಒಳಗೆ ಹೋಗುತ್ತದೆಂದರೆ ಹಾಡಹಗಲಲ್ಲೇ ಮೂರು ನಾಲ್ಕು ನಿಮಿಷ ಶಟರ್ ತೆರೆದಿಟ್ಟರೆ ಮಾತ್ರ ಚಿತ್ರ ಮೂಡುತ್ತದೆ. ಅಷ್ಟು ಹೊತ್ತಿನಲ್ಲಿ ಕೆರೆಯ ಅಲೆಗಳೆಲ್ಲ ಒಂದರೊಳಗೊಂದು ಸೇರಿ ನೀರು ಹಾಲಿನ ಕೆನೆಯಂತೆ ನುಣ್ಣಗಾಗುತ್ತದೆ. ಮೋಡಗಳು ಉದ್ದಕ್ಕೆ ಎಳೆದ ಗೀರುಗಳಾಗುತ್ತವೆ. ಕಲ್ಲು, ಒಣಗಿದ ಮರ, ಕೆರೆ ಏರಿ ಇಂಥವು ಮಾತ್ರ ಇದ್ದಂತೆ ಬರುತ್ತವೆ. ಓಡಾಡುವುದು ಯಾವುದೂ ಫೋಟೊದಲ್ಲಿ ಉಳಿಯುವುದಿಲ್ಲ.

ನನಗೆ ಅದೇ ಇಷ್ಟವಾಗಿತ್ತು. ವಾರವಿಡೀ ಗಲಾಟೆ ಮಾಡುವ ಮಕ್ಕಳ ನಡುವೆ ಇದ್ದವನಿಗೆ ಮನುಷ್ಯರೇ ಇಲ್ಲದ ಕೆರೆ ಸಿಗುವುದೆಂದರೆ ಏನೋ ಸುಖ. ಸೊರಬದ ಕಡೆ ದಂಡಾವತಿ ಹೊಳೆಯ ದಡಕ್ಕೆ ಹೋದೆ. ಕ್ಯಾಸನೂರಿನ ಕಾಡಂಚಿಗೂ ಒಮ್ಮೆ ಹೋಗಿ ಬಂದೆ. ಅಲ್ಲಿ ಹುಲ್ಲಿನಲ್ಲಿ ಕೂತರೆ ಮಂಗನ ಕಾಯಿಲೆ ತರುವ ಉಣುಗು ಹತ್ತುವ ಭಯಕ್ಕೆ ನಾಲ್ಕು ನಿಮಿಷವೂ ನಿಂತುಕೊಂಡೇ ಕಾಯಬೇಕು. ಕೊನೆಗೆ ತಾಳಗುಂದದ ಕೆರೆಯೇ ಗಟ್ಟಿಯಾಯಿತು. ನೀರಿನ ನಡುವೆ ಒಂದು ಒಣ ಜಾಲಿ ಮರ, ಈಚೆ ಹಳೆಯ ತೂಬಿನ ಕಲ್ಲು, ಹಿಂದೆ ಬಯಲು. ಜೊತೆಗೆ ಅದು ಅಕ್ಕನ ಊರು, ಬೆಳಗಿನ ತಿಂಡಿಗೆ ಯೋಚನೆಯಿರಲಿಲ್ಲ.

ಭಾವ ಮೆಕ್ಕೆಜೋಳ ಬೆಳೆಯುತ್ತಿದ್ದರು, ಒಂದಷ್ಟು ಕುರಿ ಸಾಕಿದ್ದರು. ಕುರಿಗಳಿಗೆ ನೀರು ಕುಡಿಸಲು ಬರುತ್ತಿದ್ದದ್ದು ನಾನು ಕ್ಯಾಮೆರಾ ಸ್ಟ್ಯಾಂಡ್ ಹೂಡುತ್ತಿದ್ದ ಜಾಗಕ್ಕೇ. ಮೊದಲ ದಿನ ಕಪ್ಪು ಗಾಜನ್ನು ನೋಡಿ ಅವರು ಕೇಳಿದ್ದು ಹೀಗೆ:

"ಏನೋ ಮೇಷ್ಟ್ರೇ, ಕ್ಯಾಮೆರಾಕ್ಕೂ ಕೂಲಿಂಗ್ ಗ್ಲಾಸ್ ಹಾಕಿದೀಯ? ಅದಕ್ಕೇನು ಕಣ್ಣುಬೇನೆ ಬಂದೈತಾ?"

ನಾನು ಗಡಿಯಾರ ನೋಡುತ್ತಾ ನಿಂತೆ. ಅವರು ಕುರಿಗಳನ್ನು ಅಟ್ಟಿಕೊಂಡು ಕ್ಯಾಮೆರಾದ ಎದುರಿಗೇ ಇಳಿದರು, ನೀರು ಕುಡಿಸಿದರು, ಮೇಲೆ ಹತ್ತಿ ಬಂದರು. ಆಮೇಲೆ ಫೋಟೊ ತೋರಿಸಿದೆ. ಅದರಲ್ಲಿ ನುಣ್ಣನೆಯ ನೀರು, ಜಾಲಿ ಮರ, ತೂಬಿನ ಕಲ್ಲು, ಅಷ್ಟೇ. ಭಾವ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

"ಅಲ್ಲೋ, ನಾನು ಇಲ್ಲೇ ಹೋದೆ, ಇಲ್ಲೇ ಬಂದೆ. ಇಷ್ಟು ಕುರಿ ನೀರು ಕುಡಿದ್ವು. ಎಲ್ಲಾ ಎಲ್ಲಿ ಹೋದ್ವೋ?"

"ನಿಂತಿದ್ರೆ ಬರ್ತಿದ್ರಿ ಭಾವ. ಓಡಾಡಿದ್ರೆ ಬರಲ್ಲ."

"ಹಂಗಾರೆ ನಿನ್ನ ಕ್ಯಾಮೆರಾಕ್ಕೆ ದುಡಿಯೋರು ಕಾಣಲ್ಲ, ಕೂತೋರು ಮಾತ್ರ ಕಾಣ್ತಾರೆ ಅನ್ನು!"

ಅವರಿಗೆ ಅದು ದೊಡ್ಡ ತಮಾಷೆಯಾಯಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ "ನನ್ನ ಭಾಮೈದ ನಮ್ಮನ್ನೆಲ್ಲ ಮಾಯ ಮಾಡ್ತಾನೆ" ಎಂದು ಹೇಳಿಕೊಂಡು ತಿರುಗಿದರು. ಭಾನುವಾರ ಬಂತೆಂದರೆ ನನಗಿಂತ ಮೊದಲೇ ಏರಿಯ ಮೇಲೆ ಹಾಜರು. ನೋಡನೋಡುತ್ತಾ ಕೆಲಸವನ್ನೆಲ್ಲ ಕಲಿತುಬಿಟ್ಟರು. ಗಾಜು ಹಾಕುವ ಮೊದಲು ಫೋಕಸ್ ಮಾಡಿಕೊಳ್ಳಬೇಕು, ಯಾಕೆಂದರೆ ಹಾಕಿದ ಮೇಲೆ ಏನೂ ಕಾಣುವುದಿಲ್ಲ. ಹಾಕಿದ ಮೇಲೆ ಕ್ಯಾಮೆರಾ ಅಲುಗಬಾರದು. ಗಾಳಿ ಜೋರಾದರೆ ಕೊಡೆ ಬಿಚ್ಚಿ ತಾವೇ ಅಡ್ಡ ಹಿಡಿಯುತ್ತಿದ್ದರು. ಊರಿನ ಹಳೆಯ ಕಂಬದ ಶಾಸನ ನೋಡಲು ಬಂದ ಪ್ರವಾಸಿಗರು ಯಾರಾದರೂ ಹತ್ತಿರ ಬಂದರೆ ಪಾಠ ಹೇಳುವ ಕೆಲಸವೂ ಅವರದೇ: "ಕರೇ ಕನ್ನಡಿ ಹಾಕಿದ ಮೇಲೆ ನಾಲ್ಕು ನಿಮಿಷ ಬೇಕ್ರೀ. ಟಕ್ ಅಂತ ಒತ್ತಿದ್ರೆ ಬರೇ ಕತ್ತಲೆ ಬರತೈತಿ." ಫೋಟೊ ಮುಗಿದ ಕೂಡಲೇ ನನ್ನ ಮುಂದೆ ಕೈ ಚಾಚುತ್ತಿದ್ದರು: "ತೋರ್ಸು, ತೋರ್ಸು."

ಅವರ ಜೊತೆ ಇರುವುದು ನನಗೆ ಖುಷಿಯಾಗಿತ್ತೇ ಎಂದು ಈಗ ಕೇಳಿಕೊಂಡರೆ, ಆಗಿತ್ತು. ಆದರೆ ಒಮ್ಮೆಯೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಸಿಡುಕು ಊರಿಗೇ ಗೊತ್ತು. ಒಮ್ಮೆ ಒಂದು ಕುರಿ ಬಂದು ಸ್ಟ್ಯಾಂಡಿಗೆ ಮೈ ಉಜ್ಜಿ ಮೂರನೇ ನಿಮಿಷದಲ್ಲಿ ಫೋಟೊ ಕೆಡಿಸಿತು. ಭಾವನ ಮೇಲೆ ಕೂಗಾಡಿದೆ. ಅದಕ್ಕೆ ತುರಿಕೆ ಬಂದಿತ್ತು, ನಿನ್ನ ಫೋಟೊ ಸುದ್ದಿ ಅದಕ್ಕೇನು ಗೊತ್ತು ಎಂದು ನಕ್ಕುಬಿಟ್ಟರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನನ್ನು ಹೈಸ್ಕೂಲು ಓದಿಸಿದವರು. ಅವರ ಮುಂದೆ ಹಾಗೆ ಕೂಗಾಡುವ ಸಲಿಗೆ ನನಗೆ ಎಲ್ಲಿಂದ ಬಂತೋ.

ಮುಂಗಾರಿಗೆ ಮೊದಲಿನ ಒಂದು ಭಾನುವಾರ. ಸೊರಬದ ದಿಕ್ಕಿನಿಂದ ಬಿಡಿಬಿಡಿಯಾಗಿ ಬಿಳಿ ಮೋಡ ಬರುತ್ತಿದ್ದವು. ತಿಂಗಳುಗಟ್ಟಲೆ ಕಾದದ್ದು ಅಂಥ ಮೋಡಕ್ಕೇ. ಫೋಕಸ್ ಮಾಡಿ, ಎರಡು ಕಪ್ಪು ಗಾಜು ಕೂರಿಸಿ, ಮೋಡ ಜಾಲಿ ಮರದ ನೆತ್ತಿಗೆ ಬರುವುದನ್ನು ಕಾಯುತ್ತಾ ನಿಂತಿದ್ದೆ. ಆಗ ಭಾವ ಬಂದರು. ಕುರಿ ಹಿಂಡು ಇರಲಿಲ್ಲ, ಕಂಕುಳಲ್ಲಿ ಒಂದು ಮರಿ ಮಾತ್ರ. ಮಗಳ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ಹಾಕಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು.

"ಇವತ್ತು ನಂದೊಂದು ತೆಗಿಯೋ. ವೋಟರ್ ಕಾರ್ಡಿನಾಗೆ ಪೊಲೀಸ್ರು ಹಿಡ್ಕಂಡು ಬಂದೋರ ತರ ಇದೀನಿ. ಮನೆಯಾಗೆ ಒಂದು ಒಳ್ಳೇದು ಇರ್ಲಿ ಅಂತಾಳೆ ನಿಮ್ಮಕ್ಕ."

ಅವರ ಫೋಟೊ ತೆಗೆಯಬೇಕೆಂದರೆ ಎರಡೂ ಗಾಜು ಬಿಚ್ಚಬೇಕು, ಫೋಕಸ್ ಬದಲಿಸಬೇಕು, ಆಮೇಲೆ ಎಲ್ಲವನ್ನೂ ಮೊದಲಿನಿಂದ ಹೂಡಬೇಕು. ಅಷ್ಟರಲ್ಲಿ ಮೋಡ ದಾಟಿ ಹೋಗುತ್ತದೆ. ಜೇಬಿನಲ್ಲಿ ಫೋನಿತ್ತು. ಫೋನಿನಲ್ಲಿ ಫೋಟೊ ತೆಗೆಯುವುದೆಂದರೆ ನನಗೆ ಆಗ ಕೀಳು, ನನ್ನಂಥವನು ಮಾಡುವ ಕೆಲಸವಲ್ಲ ಎಂಬ ಕೊಬ್ಬು. ಇನ್ನೊಂದು ದಿನ ತೆಗೀತೀನಿ ಭಾವ ಎಂದಿದ್ದರೂ ಅವರು ಒಪ್ಪುತ್ತಿದ್ದರು. ಅಷ್ಟೂ ನನ್ನ ಬಾಯಿಗೆ ಬರಲಿಲ್ಲ. ಬೇಗ ಒಂದು ಸಲ ಒತ್ತಿ ಕಳಿಸಿಬಿಡೋಣ, ಮುಂದಿನ ವಾರ ನಿಜವಾಗಿ ತೆಗೆದರಾಯಿತು ಎಂದುಕೊಂಡೆ.

"ಹೋಗಿ ತೂಬಿನ ಹತ್ರ ನಿಂತ್ಕೊಳ್ಳಿ, ಬೇಗ" ಎಂದೆ.

ಅವರು ಹೋಗಿ ನಿಂತರು. ಮರಿಯ ಕಿವಿ ಸರಿಮಾಡಿ ಅದರ ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿದರು. ತಾವು ಉಸಿರು ಹಿಡಿದು ನೆಟ್ಟಗಾದರು. ಕಪ್ಪು ಗಾಜುಗಳು ಲೆನ್ಸಿನ ಮೇಲೆಯೇ ಇದ್ದವು. ನಾನು ಗುಂಡಿ ಒತ್ತಿ ಬಿಟ್ಟೆ. ಟಕ್ ಎಂದಿತು.

"ಆಯ್ತು ಭಾವ."

"ಬಂತಾ?"

"ಚೆನ್ನಾಗಿ ಬಂತು. ದೊಡ್ಡದು ಮಾಡಿ ಫ್ರೇಮ್ ಹಾಕ್ಸಿ ತರ್ತೀನಿ."

ಅವರು ಕ್ಯಾಮೆರಾದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಸರಿ ಬಿಡು" ಎಂದು ಮರಿಯನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡು ಏರಿ ಹತ್ತಿ ಹೊರಟರು. ಅವತ್ತು ತೋರ್ಸು ಎನ್ನಲಿಲ್ಲ. ನನಗೆ ಅದೇ ಅನುಕೂಲವಾಯಿತು. ಮೋಡ ಮರದ ನೆತ್ತಿಗೆ ಬಂತು, ನಾಲ್ಕು ನಿಮಿಷ ಶಟರ್ ತೆರೆದಿಟ್ಟೆ. ಅಷ್ಟು ಚಂದದ ಫೋಟೊ ನಾನು ಹಿಂದೆ ತೆಗೆದಿರಲಿಲ್ಲ, ಆಮೇಲೆಯೂ ತೆಗೆದಿಲ್ಲ. ಶಿವಮೊಗ್ಗದ ಪ್ರದರ್ಶನವೊಂದರಲ್ಲಿ ಅದಕ್ಕೆ ಸರ್ಟಿಫಿಕೇಟ್ ಕೊಟ್ಟರು. ಅದರ ಫ್ರೇಮ್ ನನ್ನ ಮನೆಯ ಪಡಸಾಲೆಯಲ್ಲಿದೆ.

ಮುಂದಿನ ವಾರ ಶಾಲೆ ಶುರುವಾಯಿತು. ಅದರ ಮುಂದಿನ ವಾರ ಮಳೆ ಹಿಡಿಯಿತು. ಮಳೆಯಲ್ಲಿ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ, ತಾಳಗುಂದಕ್ಕೂ ಹೋಗಲಿಲ್ಲ. ಭಾವ ಫೋನಿನಲ್ಲಿ ಒಮ್ಮೆಯೂ ಫೋಟೊ ಎಲ್ಲಿ ಎಂದು ಕೇಳಲಿಲ್ಲ. ಕುರಿಗಳ ಸುದ್ದಿ, ಜೋಳದ ಸುದ್ದಿ, ಸೊಸೈಟಿಯಲ್ಲಿ ಗೊಬ್ಬರ ಸಿಕ್ಕ ಸುದ್ದಿ ಹೇಳಿ ಇಡುತ್ತಿದ್ದರು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತರಂತೆ. ಶಿಕಾರಿಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ವೋಟರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿ ಫ್ಲೆಕ್ಸ್ ಹಾಕಿಸಿದರು. ಹೊಸಬಾಳೆಗೆ ಕೊಟ್ಟ ಅವರ ಮಗಳ ಫೋನಿನಲ್ಲಿ ಮೂರು ನಾಲ್ಕು ಫೋಟೊ ಇದ್ದವು. ಒಂದರಲ್ಲಿ ಊಟದ ಎಲೆಯ ಮುಂದೆ ಬಗ್ಗಿದ್ದಾರೆ, ಇನ್ನೊಂದರಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ. ಬಂದವರೆಲ್ಲ ಹೋದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ನೀನು ಕೆರೆ ಹತ್ರ ಅವರದೊಂದು ತೆಗೆದಿದ್ಯಲ್ಲ, ಮರಿ ಹಿಡ್ಕಂಡಿದ್ದು. ಅದನ್ನ ಕೊಡೋ. ಗೋಡೆಗೆ ಅದು ಹಾಕಾಣ."

"ಹುಡುಕ್ತೀನಿ ಅಕ್ಕ" ಎಂದೆ.

ಹುಡುಕುವುದಕ್ಕೆ ಏನಿತ್ತು? ಆ ಫೈಲು ಕಂಪ್ಯೂಟರಿನಲ್ಲಿ ತನ್ನ ಜಾಗದಲ್ಲೇ ಇತ್ತು. ತೆರೆದರೆ ಪೂರ್ತಿ ಕಪ್ಪು. ಬೆಳಕು ಹೆಚ್ಚಿಸುವ ಗುಂಡಿಯನ್ನು ಕೊನೆಯ ತನಕ ಎಳೆದೆ. ನೇರಳೆ ಬಣ್ಣದ ಕಾಳುಕಾಳು ಎದ್ದವು, ಮುಖ ಏಳಲಿಲ್ಲ. ಇನ್ನೊಂದು ಸಾಫ್ಟ್‌ವೇರಿನಲ್ಲಿ ಹಾಕಿದೆ, ಅಲ್ಲೂ ಅಷ್ಟೇ. ಭಾವ ಅಲ್ಲಿ ನಿಂತಿದ್ದು ನನಗೆ ಗೊತ್ತು, ತೂಬಿನ ಕಲ್ಲಿನ ಎಡಕ್ಕೆ, ಬಿಳಿ ಅಂಗಿಯಲ್ಲಿ. ಅಲ್ಲೇ ಕಣ್ಣಿಟ್ಟು ಎಷ್ಟು ಹೊತ್ತು ಕೂತರೂ ಕಾಳಿನ ಹೊರತು ಏನೂ ಇರಲಿಲ್ಲ.

ಅಕ್ಕ ಫೋನ್ ಮಾಡಿದಾಗಲೆಲ್ಲ ಒಂದೊಂದು ನೆಪ ಹೇಳಿದೆ. ಕ್ಯಾಮೆರಾದ ಕಾರ್ಡ್ ಕೆಟ್ಟಿದೆ ಎಂದೆ, ಪ್ರಿಂಟ್ ಹಾಕುವವನು ಊರಲ್ಲಿಲ್ಲ ಎಂದೆ. ಇನ್ನೂ ಹೇಸಿಗೆಯ ಕೆಲಸವೊಂದನ್ನೂ ಮಾಡಿದೆ. ಮಗಳ ಫೋನಿನ ಫೋಟೊದಿಂದ ಅವರ ತಲೆ ಕತ್ತರಿಸಿ, ಬೇರೆ ಯಾರದೋ ಬಿಳಿ ಅಂಗಿಗೆ ಜೋಡಿಸಿ, ನನ್ನ ನುಣ್ಣನೆಯ ಕೆರೆಯ ಮುಂದೆ ನಿಲ್ಲಿಸಿದೆ. ಕೆಲಸ ಚೆನ್ನಾಗಿಯೇ ಬಂದಿತ್ತು, ಅಕ್ಕ ನಂಬುತ್ತಿದ್ದಳೋ ಏನೋ. ಆದರೆ ಅದನ್ನು ಕಳಿಸಲಾಗಲಿಲ್ಲ. ಬದುಕಿದ್ದಾಗ ಒಂದು ಸಲ ಮೋಸ ಮಾಡಿದ್ದು ಸಾಲದೇ? ಅಳಿಸಿಹಾಕಿದೆ.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಧೈರ್ಯ ಮಾಡಿ ತಾಳಗುಂದಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ತೆನೆ ಕೈಗೆತ್ತಿಕೊಂಡೆ. ಮುಖ ನೋಡದೆ ಎಲ್ಲವನ್ನೂ ಹೇಳಿದೆ. ಕಾರ್ಡ್ ಕೆಟ್ಟಿಲ್ಲ, ಫೋಟೊ ತೆಗೆದೇ ಇಲ್ಲ, ಗಾಜು ಬಿಚ್ಚಲು ಸೋಮಾರಿತನಪಟ್ಟು ಸುಮ್ಮನೆ ಗುಂಡಿ ಒತ್ತಿ ತೆಗೆದಂತೆ ಮಾಡಿದೆ, ಭಾವನ ಎದುರಿಗೇ ಸುಳ್ಳು ಹೇಳಿದೆ ಎಂದೆ. ಅಕ್ಕ ಬಯ್ಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಅವಳು ಕೈಯಲ್ಲಿದ್ದ ತೆನೆಯನ್ನು ಪೂರ್ತಿ ಬಿಡಿಸಿ ಮುಗಿಸಿದಳು.

"ಗೊತ್ತು ಕಣೋ. ಅವತ್ತು ಮನೆಗೆ ಬಂದೋರೇ ಅಂದಿದ್ರು. ನಿನ್ನ ತಮ್ಮ ಕರೇ ಕನ್ನಡಿ ಬಿಚ್ಚಲೇ ಇಲ್ಲ, ಟಕ್ ಅಂತ ಒತ್ತಿ ಮುಗಿಸ್ದ, ಅದರಾಗೆ ಏನೂ ಬಂದಿರಲ್ಲ ಅಂತ."

ಗೊತ್ತಿದ್ದೂ ಅವರು ಯಾಕೆ ಸುಮ್ಮನಿದ್ದರು ಎಂದು ಕೇಳಿದೆ.

"ಮೋಡ ಬಂದಿದ್ವು, ಅವನ ಅವಸರ ಅವನಿಗೆ. ಕೇಳಿದ್ರೆ ನಾಚ್ಕೊಂತಾನೆ, ಆಮೇಲೆ ಭಾನುವಾರ ಬರೋದೇ ಬಿಟ್ಟಾನು ಅಂದ್ರು. ನೀನೂ ಅವನನ್ನ ಕೇಳಬ್ಯಾಡ ಅಂತ ನಂಗೂ ಹೇಳಿದ್ರು."

"ಮತ್ತೆ ಯಾಕೆ ಕೇಳ್ದೆ ಅಕ್ಕ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರು ತಪ್ಪು ತಿಳ್ಕಂಡಿರಬೌದು, ನೀನು ಹಂಗೆ ಮಾಡಿರಲ್ಲ ಅನ್ಕಂಡಿದ್ದೆ."