ಇಲಿ ಬಿದ್ದ ಸುದ್ದಿ

ಪ್ಲೇಗಿನ ಆ ವರ್ಷಗಳಲ್ಲಿ ನಾನು ಹುಬ್ಬಳ್ಳಿಯಲ್ಲಿ ಕಾರಕೂನನಾಗಿದ್ದೆ. ಯಾರಿಗೆ ಜ್ವರ ಬಂತು, ಯಾರು ಸತ್ತರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಕಮರಿಪೇಟೆ ನನ್ನ ಪಾಲಿಗೆ, ಅದಕ್ಕೆ ಹತ್ತಿದ ಓಣಿಗಳು ಇನ್ನೊಬ್ಬ ಕಾರಕೂನನ ಪಾಲಿಗೆ. ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈ ಮುಪ್ಪಿನಲ್ಲಿ ಇನ್ನು ಮುಚ್ಚಿಡುವುದೇನಿದೆ?

ನಮ್ಮ ಕೈಯಲ್ಲಿ ಎರಡು ದಫ್ತರ. ಒಂದು ಬೇನೆಯದು, ಇನ್ನೊಂದು ಸಾವಿನದು. ಸತ್ತವನ ಹೆಸರು ಬೇನೆಯ ದಫ್ತರದಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಕಾರಕೂನ ನಿದ್ದೆ ಹೊಡೆಯುತ್ತಿದ್ದ ಎಂದೇ ಸಾಹೇಬರ ಲೆಕ್ಕ. ನನ್ನ ಪೇಟೆಯ ಜನವೋ, ಪ್ಲೇಗಿನ ಆಸ್ಪತ್ರೆಗೆ ಎಳೆದೊಯ್ದಾರೆಂದು ಹೆದರಿ, ರೋಗಿಯನ್ನು ಜೋಳದ ಚೀಲಗಳ ಹಿಂದೆ ಮಲಗಿಸಿ ಬಂದು, ನನ್ನ ಮುಂದೆ “ಎಲ್ಲಾರೂ ಆರಾಮ ಅದೇವ್ರಿ” ಎನ್ನುತ್ತಿದ್ದರು. ಹೆಣ ಹೊರಗೆ ಬಂದ ಮೇಲೆಯೇ ನನಗೆ ಗೊತ್ತಾಗುತ್ತಿತ್ತು.

ಆ ಇನ್ನೊಬ್ಬ ಕಾರಕೂನನ ದಫ್ತರದಲ್ಲಿ ಅಂಥ ಒಂದು ಹೆಸರೂ ಇರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ಮೊದಲು ಎಮ್ಮೆಯ ಸುದ್ದಿ ಕೇಳುತ್ತಿದ್ದ, ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ. ಹೆಂಗಸರು ತಾವಾಗಿಯೇ ಜ್ವರದ ಮಾತು ತೆಗೆಯುತ್ತಿದ್ದರು. ನಾನೂ ಒಮ್ಮೆ ಒಂದು ಮನೆಯಲ್ಲಿ ಎಮ್ಮೆಯ ಸುದ್ದಿ ತೆಗೆದೆ. ಅದು ಹಿಂದಿನ ದಿನವಷ್ಟೇ ಸತ್ತಿತ್ತು. ಹುಡುಗರು ಕರೆದಂತೆ ಓಣಿಯ ಮುದುಕಿಯರೂ ಅವನನ್ನು ಕಾಕಾ ಎನ್ನುತ್ತಿದ್ದರು. ಸಾಲದ್ದಕ್ಕೆ ನನ್ನ ಹೆಂಡತಿಯೂ, “ಅವರಂಗ ನೀವೂ ಸ್ವಲ್ಪ ನಕ್ಕೋತ ಮಾತಾಡಬಾರದೇನ್ರಿ?” ಎಂದಳು. ಅವತ್ತು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಮನೆ ಬಿಟ್ಟು, ಕೇಶ್ವಾಪುರದ ಕಡೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು ಆಗಿನ ವಾಡಿಕೆ. ಜಾಗ ತೋರಿಸುವವರು ನಾವೇ. ಒಂದು ಮುಂಜಾನೆ ಅವನ ಓಣಿಯನ್ನು ದಾಟಿ ಹೋಗುತ್ತಿದ್ದಾಗ ಅರಳೆ ವ್ಯಾಪಾರಿಯ ಮನೆಯ ಮುದುಕಿ ನನ್ನನ್ನು ನಿಲ್ಲಿಸಿದಳು.

“ಅಡಗಿಮನ್ಯಾಗ ಎರಡು ಇಲಿ ಬಿದ್ದಾವ್ರಿ. ನಮ್ಮ ಕಾಕಾಗ ಹೇಳ್ರಿ. ಅವರು ಜಾಗಾ ತೋರಿಸಿದ್ರ ಇವತ್ತ ಮನಿ ಬಿಡ್ತೇವಿ.”

“ನಾನ ತೋರಸ್ತೇನಿ, ಬರ್ರಿ,” ಎಂದೆ.

“ಬ್ಯಾಡ್ರಿ. ಅವರ ಬರ್ಲಿ.”

ಕಚೇರಿಯಲ್ಲಿ ಅವನು ನನ್ನ ಎದುರಿಗೇ ಕೂತಿದ್ದ. ನಾನು ಹೇಳಲಿಲ್ಲ. ಅವನ ದಫ್ತರವೂ ಒಮ್ಮೆ ತಪ್ಪಲಿ, ಸಾಹೇಬರ ಬೈಗುಳ ಅವನಿಗೂ ಸಿಗಲಿ ಎಂದು ನನ್ನ ಆಸೆ. ಸಾವಿನ ವಿಚಾರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಇಲಿ ಬಿದ್ದ ಮನೆಗಳಲ್ಲೆಲ್ಲ ಜನ ಸಾಯುವುದಿಲ್ಲ ಎಂದುಕೊಂಡೆ. ಆ ವಾರ ಅವನು ತನ್ನ ಪಾಲಿನ ಇನ್ನೊಂದು ತುದಿಯ ಓಣಿಗಳಲ್ಲಿ ಓಡಾಡುತ್ತಿದ್ದ. ಮರುದಿನವೂ, ಅದರ ಮರುದಿನವೂ ನಾನು ಬಾಯಿ ಬಿಡಲಿಲ್ಲ. ಮುದುಕಿ ಅವನ ದಾರಿ ಕಾಯುತ್ತ ಮನೆಯಲ್ಲೇ ಇದ್ದಳು.

ವಾರ ತುಂಬುವುದರೊಳಗೆ ಅವಳ ಸೊಸೆ ಸತ್ತಳು. ಬಗಲಲ್ಲಿ ಗಡ್ಡೆ ಎದ್ದಿತ್ತಂತೆ. ಹೆಸರು ಸಾವಿನ ದಫ್ತರಕ್ಕೆ ಬಂತು, ಬೇನೆಯ ದಫ್ತರದಲ್ಲಿ ಇರಲಿಲ್ಲ. ಸಾಹೇಬರು ಎಲ್ಲರ ಎದುರು ಅವನನ್ನು ತರಾಟೆಗೆ ತೆಗೆದುಕೊಂಡರು. ನಾನು ಎಷ್ಟೋ ದಿನದಿಂದ ಕಾಯುತ್ತಿದ್ದ ಬೈಗುಳ. ಅವನು ಆಗಷ್ಟೇ ಆ ಮನೆಗೆ ಹೋಗಿ ಬಂದಿದ್ದ. ಮುದುಕಿ ಯಾರ ಕೈಯಲ್ಲಿ ಹೇಳಿ ಕಳಿಸಿದ್ದಳೆಂದು ಅವನಿಗೆ ತಿಳಿದಿತ್ತು. ನನ್ನ ಕಡೆ ಒಮ್ಮೆ ನೋಡಿದ.

“ತಪ್ಪು ನಂದರಿ, ಸಾಹೇಬ್ರ. ಸುದ್ದಿ ಬಂದಿತ್ತು. ನಾ ಹೋಗ್ಲಿಲ್ಲ,” ಎಂದ.

ಹೊರಗೆ ಪಡಸಾಲೆಯಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಸಾಕಿತ್ತು.

“ಬಾಣಂತಿ ಇದ್ಳೋ ಆಕಿ,” ಎಂದಷ್ಟೇ ಹೇಳಿ ಹೋದ.

ನಾನು ಒಳಗೆ ಹೋಗಿ ನಿಜ ಹೇಳಬೇಕಿತ್ತು. ಹೋಗಲಿಲ್ಲ. ಆ ಗಳಿಗೆಯಲ್ಲೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಸುಳ್ಳು ಹೇಳಿಯೂ ಇವನು ನನಗಿಂತ ದೊಡ್ಡವನಾಗಿಬಿಟ್ಟನಲ್ಲ ಎಂಬ ಉರಿ. ಸತ್ತವಳ ವಿಚಾರ ಮನಸ್ಸಿಗೆ ಬಂದದ್ದು ಆಮೇಲೆ, ಮನೆಗೆ ಹೋದಾಗ ಹೆಂಡತಿ ನಮ್ಮ ಕೂಸಿಗೆ ಮೊಲೆ ಕೊಡುತ್ತ ಕೂತದ್ದನ್ನು ಕಂಡು.